ಹೌಸ್‌ಬೋಟಿನ ಹಳೆಯ ಗೀಸರ್ ಬದಲಿಸುವುದು ಹೇಗೆ

ಕಾಸರಗೋಡು ಜಿಲ್ಲೆಯ ನೀಲೇಶ್ವರದ ಕೋಟ್ಟಪ್ಪುರಂ ಕಡವಿನಿಂದ ವಲಿಯಪರಂಬ ಹಿನ್ನೀರಿಗೆ ಹೊರಡುವ ಹೌಸ್‌ಬೋಟ್‌ಗಳಲ್ಲಿ ಗೀಸರ್ ಕೆಡುವುದು ಬರೀ ವಯಸ್ಸಾಗಿ ಅಲ್ಲ. ಉಪ್ಪು ಗಾಳಿ ವಯರಿನ ತುದಿಗಳನ್ನು ತಿನ್ನುತ್ತದೆ, ಎಂಜಿನ್ನಿನ ನಡುಕ ಜೋಡಣೆಗಳನ್ನು ಸಡಿಲಿಸುತ್ತದೆ. ಹಳೆಯದನ್ನು ಬಿಚ್ಚಿ ಅದೇ ಮೊಳೆಗೆ ಹೊಸದನ್ನು ತೂಗುಹಾಕಿದರೆ ರೋಗ ಹಾಗೇ ಉಳಿಯುತ್ತದೆ.

ಮೊದಲು ಗೀಸರನ್ನೇ ಬದಲಿಸಬೇಕೇ ನೋಡಿ. ನೀರು ಬಿಸಿಯಾಗದಿದ್ದರೆ ಎಲಿಮೆಂಟ್ (ನೀರು ಕಾಯಿಸುವ ಸುರುಳಿ) ಅಥವಾ ಥರ್ಮೋಸ್ಟಾಟ್ (ಶಾಖ ನಿಯಂತ್ರಿಸುವ ಸ್ವಿಚ್) ಹೋಗಿರಬಹುದು. ಅವನ್ನಷ್ಟೇ ಬದಲಿಸಿದರೆ ಸಾಕು. ತುಕ್ಕಿನ ಬಣ್ಣದ ನೀರು ಬಂದರೆ, ಟ್ಯಾಂಕಿನ ಮೈಯಿಂದಲೇ ಹನಿದರೆ ರಿಪೇರಿಗೆ ದುಡ್ಡು ಹಾಕಬೇಡಿ.

ಒಂದು ಬಾತ್‌ರೂಮಿಗೆ 15 ಲೀಟರ್, 2 ಕಿಲೋವ್ಯಾಟಿನದು ಸಾಕು. 27 ಡಿಗ್ರಿಯ ನೀರನ್ನು 60ಕ್ಕೆ ಏರಿಸಲು ಸುಮಾರು 18 ನಿಮಿಷ ಬೇಕು. ಕರಾವಳಿಯ ಬೋರ್‌ವೆಲ್ ನೀರು ತುಂಬಿಸುವವರು ಒಳಗೆ ಗಾಜಿನ ಲೇಪ, ಮೆಗ್ನೀಶಿಯಂ ಆನೋಡ್ (ಟ್ಯಾಂಕಿನ ಬದಲು ತಾನೇ ಕರಗಿ ತುಕ್ಕು ತಡೆಯುವ ಸರಳು) ಇರುವ ಟ್ಯಾಂಕ್ ಕೊಳ್ಳಿ. ಸ್ಟೀಲ್ ಟ್ಯಾಂಕಿನ ಬೆಸುಗೆಯನ್ನು ಉಪ್ಪಿನಂಶ ಚುಕ್ಕೆಚುಕ್ಕೆಯಾಗಿ ಕೊರೆಯುತ್ತದೆ. ಆನೋಡನ್ನು ವರ್ಷಕ್ಕೊಮ್ಮೆ ತೆಗೆದು ನೋಡಿ, ಅರ್ಧಕ್ಕಿಂತ ಹೆಚ್ಚು ಕರಗಿದ್ದರೆ ಹೊಸದು ಹಾಕಿ.

ಬಿಚ್ಚುವ ಮೊದಲು ಜನರೇಟರ್, ಇನ್ವರ್ಟರ್ ನಿಲ್ಲಿಸಿ, ದಡದ ಕರೆಂಟಿನ ಪ್ಲಗ್ ಕೀಳಿ. ದೋಣಿಯಲ್ಲಿ ಟೆಸ್ಟರ್ ಸ್ಕ್ರೂಡ್ರೈವರ್ ನಂಬಬೇಡಿ. ಜನರೇಟರಿನ ನ್ಯೂಟ್ರಲ್ ಅರ್ತಿಗೆ ಸೇರಿರದಿದ್ದರೆ ಅದು ತಪ್ಪು ಹೇಳಬಹುದು. ಮಲ್ಟಿಮೀಟರಿನಲ್ಲಿ ಫೇಸ್–ನ್ಯೂಟ್ರಲ್, ಫೇಸ್–ಅರ್ತ್, ನ್ಯೂಟ್ರಲ್–ಅರ್ತ್ ಮೂರನ್ನೂ ಅಳೆದು ಎಲ್ಲೂ ಕರೆಂಟ್ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಗೀಸರಿನ ನೀರು ತಣ್ಣಗಾದ ಮೇಲೆ ಪ್ರೆಷರ್ ಪಂಪ್ ನಿಲ್ಲಿಸಿ, ಒಳಬರುವ ವಾಲ್ವ್ ಮುಚ್ಚಿ, ಬಿಸಿನೀರಿನ ನಲ್ಲಿ ತೆರೆದು, ಸೇಫ್ಟಿ ವಾಲ್ವಿನ ಹಿಡಿ ಎತ್ತಿ ಟ್ಯಾಂಕನ್ನು ಬಕೆಟ್ಟಿಗೆ ಖಾಲಿ ಮಾಡಿ.

ತುಂಬಿದ ಗೀಸರ್ 20 ಕಿಲೋ ದಾಟುತ್ತದೆ, ದೋಣಿ ಓಲಾಡುವಾಗ ಆ ಭಾರವೂ ಜಗ್ಗುತ್ತದೆ. ತೆಳು ಪ್ಲೈವುಡ್ ಗೋಡೆಗೆ ಸ್ಕ್ರೂ ಹಿಡಿಯದು. ಒಳಗಿನ ಮರದ ಚೌಕಟ್ಟಿನ ಎರಡು ಕಂಬಗಳಿಗೆ ಅಡ್ಡಲಾಗಿ 19 ಮಿ.ಮೀ. ಮರೀನ್ ಪ್ಲೈ (ಐಎಸ್ 710 ಗುರುತಿನದು) ಬಿಗಿದು, 8 ಮಿ.ಮೀ. 316 ದರ್ಜೆಯ ಸ್ಟೀಲ್ ಬೋಲ್ಟನ್ನು ಆರಪಾರ ತೂರಿಸಿ, ಹಿಂದೆ ಅಗಲ ವಾಷರ್ ಹಾಕಿ. ಕೆಳಗೂ ಒಂದು ಹಿಡಿತ ಕೊಡಿ.

ನೀಲಿ ಗುರುತು ತಣ್ಣೀರಿಗೆ, ಕೆಂಪು ಬಿಸಿನೀರಿಗೆ. ಎರಡಕ್ಕೂ ಅರ್ಧ ಇಂಚಿನ ಹೆಣೆದ ಬಾಗುವ ಪೈಪ್ ಬಳಸಿ. ಗಟ್ಟಿ ಪೈಪ್ ನಡುಕಕ್ಕೆ ಬಿರುಕು ಬಿಡುತ್ತದೆ. ಸೇಫ್ಟಿ ವಾಲ್ವ್ ತಣ್ಣೀರಿನ ಕಡೆ ಬರಬೇಕು. ಬಿಸಿಯಾಗುವಾಗ ನೀರು ಹಿಗ್ಗಿ 200 ಮಿ.ಲೀ. ವರೆಗೆ ಅದರಿಂದ ಹನಿಯಬಹುದು. ಅದು ದೋಷವಲ್ಲ, ಬಿರಡೆ ಹಾಕಬೇಡಿ. ಹಾಕಿದರೆ ಟ್ಯಾಂಕ್ ಒಡೆಯುತ್ತದೆ. ಆ ಹನಿ ದೋಣಿಯ ತಳಕ್ಕೆ ಇಳಿಯದಂತೆ ತೆಳು ಪೈಪಿನಲ್ಲಿ ಹೊರಗೆ ಬಿಡಿ.

ಜೀವಕ್ಕೆ ಅಪಾಯವಿರುವುದು ಕರೆಂಟಿನ ಕೆಲಸದಲ್ಲಿ. 2 ಕಿಲೋವ್ಯಾಟ್ ಸುಮಾರು 9 ಆಂಪಿಯರ್ ಎಳೆಯುತ್ತದೆ. 2.5 ಚದರ ಮಿ.ಮೀ. ತವರ ಲೇಪಿತ, ಬಹು ಎಳೆಯ ತಾಮ್ರದ ವಯರ್, ತುದಿಗೆ ಒತ್ತಿ ಬಿಗಿದ ಲಗ್ (ಲೋಹದ ಕೊಂಡಿ), 16 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿಮೀರಿದರೆ ಬೀಳುವ ಸ್ವಿಚ್), ಜತೆಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್) ಬೇಕು. ಆದರೆ ಜನರೇಟರಿನ ನ್ಯೂಟ್ರಲನ್ನು ಅರ್ತಿಗೆ ಸೇರಿಸದಿದ್ದರೆ, ಗೀಸರಿನ ಮೈಗೆ ಕರೆಂಟ್ ಸೋರಿದರೂ ಆರ್‌ಸಿಸಿಬಿ ಬೀಳುವುದಿಲ್ಲ. ಟೆಸ್ಟ್ ಗುಂಡಿ ಒತ್ತಿದಾಗ ಮಾತ್ರ ಬೀಳುತ್ತದೆ, ಅದನ್ನು ಕಂಡು ಎಲ್ಲ ಸರಿಯಿದೆಯೆಂದು ಮೋಸ ಹೋಗುವವರಿದ್ದಾರೆ. ನ್ಯೂಟ್ರಲನ್ನು ಅರ್ತಿಗೆ ಸೇರಿಸುವ ಈ ಜೋಡಣೆ ಜನರೇಟರಿನ ಬಳಿ ಒಂದೇ ಕಡೆ ಇರಬೇಕು. ದಡದ ಕರೆಂಟಿಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವಂಥದ್ದಾಗಿರಲಿ. ಇಷ್ಟನ್ನು ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್ ಕೈಯಲ್ಲೇ ಮಾಡಿಸಿ.

ಕೊನೆಗೆ ಪಂಪ್ ಹಚ್ಚಿ ಬಿಸಿನೀರಿನ ನಲ್ಲಿ ತೆರೆದಿಡಿ. ಗಾಳಿಯ ಬುಸುಬುಸು ನಿಂತು ನೀರು ಒಂದೇ ಸಮನೆ ಬಂದ ಮೇಲಷ್ಟೇ ಸ್ವಿಚ್ ಹಾಕಿ. ಖಾಲಿ ಟ್ಯಾಂಕಿನಲ್ಲಿ ಎಲಿಮೆಂಟ್ ಬೇಗನೆ ಸುಟ್ಟುಹೋಗುತ್ತದೆ, ವಾರಂಟಿಯೂ ಸಿಗದು. ಎಸಿ ಓಡುತ್ತಿದ್ದರೆ ಜನರೇಟರ್ ತಡೆಯುತ್ತದೆಯೇ ನೋಡಿಕೊಂಡು ಗೀಸರ್ ಹಾಕಿ. ಮೊದಲ ಪ್ರಯಾಣ ಮುಗಿದ ಮೇಲೆ ಕರೆಂಟ್ ತೆಗೆದು ಬೋಲ್ಟ್, ಲಗ್, ಪೈಪಿನ ನಟ್ ಎಲ್ಲವನ್ನೂ ಇನ್ನೊಮ್ಮೆ ಬಿಗಿಮಾಡಿ.