ಕರೆನ್ಸಿ ಮುಗಿದ ಮೇಲೆ ನಂಬರ್ ಉಳಿಸಿಕೊಳ್ಳೋದು ಹೇಗೆ

ತಿಪಟೂರಿನಲ್ಲಿ ನನ್ನದೊಂದು ಸಣ್ಣ ಮೊಬೈಲ್ ಅಂಗಡಿ. ಹೋದ ಶ್ರಾವಣ ಮುಗಿಯೋ ಹೊತ್ತಿಗೆ ಒಬ್ಬ ಅಜ್ಜಿ ಬಂದು ಕೀಪ್ಯಾಡ್ ಫೋನನ್ನು ಕೌಂಟರ್ ಮೇಲಿಟ್ಟು, "ಸಿಗ್ನಲ್ಲೇ ಬರ್ತಿಲ್ಲ ಕಣಪ್ಪಾ, ಕರೆನ್ಸಿ ಹಾಕು" ಅಂದರು. ಹಾಕೋಕೆ ಹೋದರೆ ನಂಬರೇ ಚಾಲ್ತಿಯಲ್ಲಿಲ್ಲ. ಹಿಂದೆ ಹಾಕಿಸಿದ್ದು ಯುಗಾದಿಗಂತೆ. ಬ್ಯಾಂಕು, ಗ್ಯಾಸು, ಆಧಾರ್ ಎಲ್ಲಕ್ಕೂ ಕೊಟ್ಟಿದ್ದು ಅದೊಂದೇ ನಂಬರು.

ನಮ್ಮಲ್ಲಿ ಬಹಳ ಜನ ತಪ್ಪೋದು ಲೆಕ್ಕದಲ್ಲಿ. ಪ್ಯಾಕ್ ಮುಗಿದ ದಿನ ನಿಲ್ಲೋದು ಹೊರಹೋಗುವ ಕರೆ, ಮೆಸೇಜ್, ನೆಟ್ ಮಾತ್ರ. ಒಳಬರುವ ಕರೆ ಇನ್ನೊಂದಷ್ಟು ದಿನ ಬರುತ್ತೆ, ಎಷ್ಟು ದಿನ ಅನ್ನೋದು ಕಂಪನಿಗೊಂದು ಥರ. ನಂಬರ್ ಹೋಗೋ ಲೆಕ್ಕವೇ ಬೇರೆ. ಫೋನ್ ಕಂಪನಿಗಳಿಗೆ ನಿಯಮ ಹಾಕುವ ಸರ್ಕಾರಿ ಸಂಸ್ಥೆ ಟ್ರಾಯ್ 2013ರಲ್ಲಿ ತಂದ ನಿಯಮದಂತೆ, 90 ದಿನ ಬಳಕೆಯೇ ಇಲ್ಲದಿದ್ದರೆ ಮಾತ್ರ ಪ್ರೀಪೇಯ್ಡ್ ನಂಬರ್ ನಿಲ್ಲಿಸಬಹುದು. ಕರೆ ಮಾಡೋದು, ಬಂದ ಕರೆ ಎತ್ತೋದು, ಮೆಸೇಜ್ ಕಳಿಸೋದು, ನೆಟ್ ಹಾಕೋದು ಬಳಕೆ. ಓಟಿಪಿ ಬಂದರೆ ಅದು ಬಳಕೆಯಲ್ಲ! ಅಜ್ಜಿಗೆ ಬ್ಯಾಂಕಿನ ಮೆಸೇಜ್ ಬರ್ತಿತ್ತು, ಅದನ್ನೇ ನಂಬಿಕೊಂಡಿದ್ದರು.

ಹಾಗಾಗಿ ಪ್ಯಾಕ್ ಮುಗಿಯೋ ಹಿಂದಿನ ದಿನ ಯಾರಿಗಾದರೂ ಒಂದು ಕರೆ ಮಾಡಿ, ಆ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. 90 ದಿನ ಅಲ್ಲಿಂದ ಎಣಿಸಿ.

ಇನ್ನೊಂದು ದಾರಿ, ಮುಖ್ಯ ಬ್ಯಾಲೆನ್ಸಿನಲ್ಲಿ 20 ರೂಪಾಯಿ ಇಟ್ಟಿರೋದು. 90 ದಿನ ಕಳೆದ ಮೇಲೂ ಅದನ್ನು ಮುರಿದುಕೊಂಡು 30 ದಿನ ನಂಬರ್ ಉಳಿಸುತ್ತಾರೆ. ಪ್ಯಾಕ್ ದುಡ್ಡು ಮುಖ್ಯ ಬ್ಯಾಲೆನ್ಸಿಗೆ ಸೇರಲ್ಲ, ಟಾಪ್-ಅಪ್ ಅಂತ ಕೇಳಿ ಹಾಕಿಸಬೇಕು. ಅದೂ 20ರದ್ದು ಹಾಕಿಸಿದರೆ ತೆರಿಗೆ, ಶುಲ್ಕ ಕಳೆದು 15 ರೂಪಾಯಿಯೂ ಉಳಿಯಲ್ಲ. ನಾನು 50ರದ್ದೇ ಹಾಕ್ತೀನಿ. ಒಂದು ಕಾಫಿ ಕಮ್ಮಿ ಕುಡೀರಿ ಅಂತೀನಿ, ಬೈಸಿಕೊಂಡಿದ್ದೀನಿ ಕೂಡ.

ನೆಟ್ ಬೇಡದವರು ಬರೀ ಕಾಲ್, ಮೆಸೇಜ್ ಇರುವ ಪ್ಯಾಕ್ ಕೇಳಿ. ಅಂಥದ್ದು ಇರಲೇಬೇಕು ಅಂತ ಟ್ರಾಯ್ 2024ರ ಡಿಸೆಂಬರಿನಲ್ಲಿ ಹೇಳಿದೆ, 365 ದಿನದವರೆಗೂ ಕೊಡಬಹುದು. 28 ದಿನದ ಪ್ಯಾಕ್ ಆದರೆ ವರ್ಷಕ್ಕೆ 13 ಸಲ ಅಂಗಡಿಗೆ ಬರಬೇಕು. ನನಗೆ ವ್ಯಾಪಾರ, ಆದರೂ ಹೇಳ್ತೀನಿ.

ನಂಬರ್ ನಿಂತೇ ಹೋಯ್ತಾ? 15 ದಿನದೊಳಗೆ ಕಂಪನಿಯ ಸ್ವಂತ ಮಳಿಗೆಗೆ ಹೋಗಿ. ನನ್ನಂಥವರ ಅಂಗಡಿಯಲ್ಲಿ ಅದು ಆಗಲ್ಲ. ಸಿಮ್ ಯಾರ ಹೆಸರಲ್ಲಿದೆಯೋ ಅವರೇ ಆಧಾರ್ ತಗೊಂಡು ಹೋಗಬೇಕು. ಅಜ್ಜಿ ಸಿಮ್ ಇದ್ದದ್ದು ದುಬೈಯಲ್ಲಿರೋ ಮೊಮ್ಮಗನ ಹೆಸರಲ್ಲಿ, ಅಲ್ಲಿಗೆ ಕಥೆ ಮುಗೀತು.

ಆ ಗಡುವೂ ದಾಟಿದ್ದರೆ ಮೊದಲು ಬ್ಯಾಂಕಿಗೆ ಓಡಿ. ನಿಂತ ನಂಬರನ್ನು 90 ದಿನ ಕಳೆದ ಮೇಲೆ ಇನ್ನೊಬ್ಬರಿಗೆ ಕೊಡಬಹುದು, ನಿಮ್ಮ ಓಟಿಪಿ ಅವರಿಗೆ ಹೋಗಬಾರದಲ್ಲ. ಆಮೇಲೆ ಆಧಾರ್ ಕೇಂದ್ರ, ಕೊನೆಗೆ ಗ್ಯಾಸು.