ಪೇಜ್‌ಮೇಕರ್ ಕಡತಗಳಿಂದ ಕನ್ನಡವನ್ನು ಬಿಡಿಸಿಕೊಂಡ ಬಗೆ

ಶಿರಸಿ ಸೀಮೆಯ ಸಹಕಾರಿ ಸಂಘಗಳ ವಾರ್ಷಿಕ ವರದಿ, ಜಾತ್ರೆಯ ಕರಪತ್ರ, ಯಕ್ಷಗಾನದ ಹ್ಯಾಂಡ್‌ಬಿಲ್, ಮದುವೆ ಕರೆಯೋಲೆ ಎಷ್ಟೋ ಪುಟ ವಿನ್ಯಾಸದ ಹಳೆಯ ತಂತ್ರಾಂಶ ಪೇಜ್‌ಮೇಕರಿನಲ್ಲೇ ಉಳಿದಿವೆ. ಅದರ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯುನಿಕೋಡ್ ಅದಕ್ಕೆ ಗೊತ್ತೇ ಇಲ್ಲ. ಸ್ವಾಮ್ಯದ ತಂತ್ರಾಂಶಕ್ಕೆ ಕೊಡುವ ದುಡ್ಡಿಗಿಂತ ನನ್ನನ್ನು ಹೆಚ್ಚು ಕಾಡುವುದು ಇದೇ: ಕಂಪನಿ ಕೈಬಿಟ್ಟ ಮೇಲೆ ಅದನ್ನು ಮುಂದುವರಿಸುವ ಹಕ್ಕು ಬೇರೆ ಯಾರಿಗೂ ಇರುವುದಿಲ್ಲ, ನಾವು ಬರೆದದ್ದು ಅದರೊಳಗೇ ಸಿಕ್ಕಿಕೊಳ್ಳುತ್ತದೆ.

ಹಳೆಯ ಕಂಪ್ಯೂಟರ್ ಇನ್ನೂ ನಡೆಯುತ್ತಿದ್ದರೆ ಮೊದಲು ಪ್ರತಿ ಕಡತದ ಪಿಡಿಎಫ್ ತೆಗೆದಿಡುತ್ತೇನೆ, ತಾಳೆ ನೋಡಲು. ಪಠ್ಯವನ್ನು ಫಾಂಟಿನ ಹೆಸರೂ ಉಳಿಯುವ ಆರ್‌ಟಿಎಫ್ ಕಡತವಾಗಿ ಎಕ್ಸ್‌ಪೋರ್ಟ್ ಮಾಡುತ್ತೇನೆ. ಬರೀ ಟೆಕ್ಸ್ಟ್ ಆಗಿ ತೆಗೆದರೆ ಫಾಂಟಿನ ಹೆಸರು ಹೋಗಿ, ಯಾವುದು ಕನ್ನಡ ಯಾವುದು ಇಂಗ್ಲಿಷ್ ಎಂದು ತಿಳಿಯುವುದಿಲ್ಲ. ಕಂಪ್ಯೂಟರ್ ಕೆಟ್ಟಿದ್ದರೆ, ಮುಕ್ತ ತಂತ್ರಾಂಶ ಲಿಬ್ರೆ ಆಫೀಸಿನ ಚಿತ್ರ ಬಿಡಿಸುವ ಭಾಗವಾದ ಡ್ರಾ ಈ ಕಡತಗಳನ್ನು ತೆರೆಯುತ್ತದೆ. ವಿನ್ಯಾಸ ಅಲ್ಲಲ್ಲಿ ಕೆದರಿದರೂ ಪಠ್ಯ ಸಿಗುತ್ತದೆ.

ಇನ್ನು ಮುಖ್ಯ ಕೆಲಸ. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದವು. ನುಡಿ ಫಾಂಟಿನ 'ಕ' ಒಳಗೆ ಇಂಗ್ಲಿಷಿನ ಪಿ ಮತ್ತು ತಲೆಕಟ್ಟಿನದೊಂದು ಸಂಕೇತ, ಎರಡು ತುಂಡು. ಅದಕ್ಕೇ ಲಿಬ್ರೆ ಆಫೀಸಿನ ಬರವಣಿಗೆಯ ಭಾಗವಾದ ರೈಟರಿನ 'ಹುಡುಕಿ ಬದಲಿಸು' ಕಿಟಕಿಯಲ್ಲಿ ಫಾಂಟಿನ ಹೆಸರು ಕೊಟ್ಟು ಹುಡುಕಿ, ಇಂಗ್ಲಿಷ್ ಭಾಗಗಳಿಗೆಲ್ಲ ಕೆಂಪು ಬಣ್ಣ ಹಚ್ಚುತ್ತೇನೆ. ಉಳಿದದ್ದನ್ನಷ್ಟೇ, ಹಳೆಯ ಫಾಂಟಿನ ಪಠ್ಯವನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಕ್ಕೆ ಹಾಕುವುದು. ಇಲ್ಲದಿದ್ದರೆ ಇಮೇಲ್ ವಿಳಾಸವೂ ಅರ್ಥವಿಲ್ಲದ ಕನ್ನಡವಾಗುತ್ತದೆ.

ಪರಿವರ್ತಕ ಹೆಚ್ಚು ಎಡವುವುದು ಅರ್ಕಾವತ್ತಿನಲ್ಲಿ. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯುನಿಕೋಡಿನಲ್ಲಿ ಮೊದಲು 'ರ' ಮತ್ತು ಹಲಂತ. 'ವರ್ಷ', 'ಮಾರ್ಚ್', 'ಕಾರ್ಯದರ್ಶಿ' ಇವನ್ನು ಒಂದೊಂದಾಗಿ ಹುಡುಕಿ ನೋಡಲೇಬೇಕು. 'ತಟ್ಟಿಬೆಟ್ಟೆ'ಯಂಥ (ಅಡಿಕೆಯ ಒಂದು ಬಗೆ) ಪದಗಳ ಒತ್ತಕ್ಷರಗಳನ್ನೂ ಬಿಡುವಂತಿಲ್ಲ.

ಯುನಿಕೋಡ್ ಪಠ್ಯಕ್ಕೆ ಫಾಂಟ್ ಬದಲಿಸಿದರೂ ಬದಲಾಗದಿದ್ದರೆ ಗಾಬರಿ ಬೇಡ. ಲಿಬ್ರೆ ಆಫೀಸ್ ಕನ್ನಡವನ್ನು 'ಸಂಕೀರ್ಣ ಲಿಪಿ' ಎಂದು ಎಣಿಸುತ್ತದೆ. ಭಾಷಾ ಸೆಟ್ಟಿಂಗಿನಲ್ಲಿ ಸಿಟಿಎಲ್ (ಸಂಕೀರ್ಣ ಲಿಪಿಯ ಆಯ್ಕೆ) ಆನ್ ಮಾಡಿ, ಫಾಂಟ್ ಆರಿಸುವ ಕಿಟಕಿಯಲ್ಲಿ ಸಿಟಿಎಲ್‌ಗೆ ಮೀಸಲಾದ ಫಾಂಟನ್ನೇ ನೋಟೊ ಸೆರಿಫ್ ಕನ್ನಡ ಅಥವಾ ಗುಬ್ಬಿಗೆ ಬದಲಿಸಬೇಕು. ಬೆರಳಿಗೆ ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸ ಕೂತವರಿಗೆ ಲಿನಕ್ಸಿನಲ್ಲಿ ಟೈಪಿಸಲು ನೆರವಾಗುವ ಐಬಸ್-ಎಂ17ಎನ್‌ನಲ್ಲಿ ಕೆಜಿಪಿ ಕೀಲಿಮಣೆ ಇದೆ.

ಪುಟ ವಿನ್ಯಾಸಕ್ಕೆ ಮುಕ್ತ ತಂತ್ರಾಂಶ ಸ್ಕ್ರೈಬಸ್ 1.6 ಬಳಸಿ. 1.4ರಲ್ಲಿ ಒತ್ತಕ್ಷರ ಒಡೆದು ಬೀಳುತ್ತದೆ. ಅಢಾವೆ ಪತ್ರಿಕೆಯನ್ನು (ಬ್ಯಾಲೆನ್ಸ್ ಶೀಟ್) ಮಾತ್ರ ರೈಟರಿನಲ್ಲೇ ಮುಗಿಸಿಬಿಡಿ. ಹಳೆಯ ಟ್ಯಾಬ್ ಸಾಲುಗಳು ಅಲ್ಲಿ ಒಂದೇ ಆಜ್ಞೆಗೆ ಕೋಷ್ಟಕವಾಗುತ್ತವೆ. ಅಂಕಿಗಳನ್ನು ಪಿಡಿಎಫ್ ಜೊತೆ ಇಬ್ಬರು ಕೂತು, ಒಬ್ಬರು ಓದಿ ಒಬ್ಬರು ನೋಡಿ, ತಾಳೆ ಹಾಕಿ.