ಕಾರ್ನ್ ಸ್ನೇಕ್‌ನ ಪೊರೆ ಚೂರುಚೂರಾಗಿ ಬರ್ತಿತ್ತು, ಸರಿಹೋಗಿದ್ದು ಹೀಗೆ

ಪೊರೆ ಅಂದ್ರೆ ಮೂತಿಯಿಂದ ಬಾಲದವರೆಗೆ ಒಂದೇ ತುಂಡಾಗಿ, ಕಾಲುಚೀಲದ ಹಾಗೆ ಒಳಹೊರಗಾಗಿ ಕಳಚಬೇಕು. ನಮ್ಮ ಮನೇಲಿ ಸಾಕಿರೋ ಕಾರ್ನ್ ಸ್ನೇಕ್ ಅನ್ನೋ ವಿಷವಿಲ್ಲದ ಹಾವಿಗೆ ಅದು ಹರಿದುಹರಿದು ಬಂತು, ಬಾಲದ ತುದಿಯಲ್ಲಿ ಒಂದು ಸುತ್ತು ಅಂಟಿಕೊಂಡೇ ಉಳೀತು. ಇದನ್ನು ಖಂಡಿತ ಹಾಗೇ ಬಿಡಬಾರದು. ಒಣಗಿ ಬಿಗಿದರೆ ರಕ್ತಸಂಚಾರ ನಿಂತು ತುದಿಯೇ ಸತ್ತುಹೋಗಬಹುದು.

ಹಾವಿನ ಗೂಡಿನ ಹೈಗ್ರೋಮೀಟರ್ (ತೇವಾಂಶ ಅಳೆಯೋ ಸಾಧನ) ನೋಡಿದ್ರೆ ತೇವಾಂಶ ಬರೀ 30%. ಸಾಮಾನ್ಯವಾಗಿ 40ರಿಂದ 60% ಬೇಕು, ಕಣ್ಣು ನೀಲಿ ಮಬ್ಬಾಗಿ ಪೊರೆ ಬಿಡೋ ಹೊತ್ತಿಗೆ ಇನ್ನೂ ಸ್ವಲ್ಪ ಜಾಸ್ತಿ ಇದ್ದರೇ ಒಳ್ಳೇದು.

ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಟವೆಲ್ ಒಳಗೆ ಹಾವನ್ನು ತಾನಾಗೇ ಹರಿದಾಡಲು ಬಿಟ್ಟೆ. ನಿಧಾನಕ್ಕೆ ಆ ಸುತ್ತು ಮೆತ್ತಗಾಗಿ ಬಟ್ಟೆಗೇ ಅಂಟಿ ಬಂತು. ಎಳೆಯೋಕೆ ಹೋಗಬೇಡಿ, ಕೆಳಗಿನ ಹೊಸ ಚರ್ಮ ಕಿತ್ತುಬರುತ್ತೆ. ಕಣ್ಣಿನ ಮೇಲಿನ ಪೊರೆ ಉಳಿದಿದ್ರಂತೂ ಮುಟ್ಟಲೇಬೇಡಿ, ಹಾವುಗಳನ್ನು ಬಲ್ಲ ಪಶುವೈದ್ಯರಿಗೆ ತೋರಿಸಿ.

ಆಮೇಲೆ ಮುಚ್ಚಳ ಇರೋ ಡಬ್ಬಿಗೆ ಹಾವು ನುಗ್ಗುವಷ್ಟು ತೂತು ಕೊರೆದು, ಒದ್ದೆ ಸ್ಫ್ಯಾಗ್ನಮ್ ಪಾಚಿ (ನೀರು ಹಿಡಿದಿಟ್ಟುಕೊಳ್ಳೋ ಪಾಚಿ) ತುಂಬಿ ಗೂಡಿನ ಬೆಚ್ಚಗಿನ ಕಡೆ ಇಟ್ಟೆ. ಕಣ್ಣು ಮಬ್ಬಾದ ಕೂಡಲೇ ಹಾವು ಅದರೊಳಗೆ ಸೇರಿಕೊಳ್ತು. ಮುಂದಿನ ಪೊರೆ ಇಡಿಯಾಗಿ ಬಂತು, ಎರಡೂ ಕಣ್ಣಿನ ಗುಂಡು ಪೊರೆ ಸಮೇತ. ಪಾಚಿ ಬೂಷ್ಟು ಹಿಡಿಯದ ಹಾಗೆ ಆಗಾಗ ಬದಲಿಸ್ತಿರಬೇಕು.